ಶಿಕ್ಕಾ ಇಲ್ಲದ ಸ್ಟೇ

ಆಗ ನನಗೆ ಅರವತ್ತಾರು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಅಮೆರಿಕಕ್ಕೆ ಬಂದ ನಮ್ಮ ಕಂಪ್ಯೂಟರ್ ಕಲಿತವರೆಲ್ಲ ಮನ್ರೋದಲ್ಲಿ ಹೊಸ ಮನೆ ಕೊಳ್ಳುತ್ತಿದ್ದಾಗ, ಹಿಲ್ಸ್‌ಬರೋದ ಬಾಡಿಗೆ ಮನೆಯಲ್ಲಿ ನನ್ನ ಮಗಳು ಕೋರ್ಟಿಗೆ ದಿವಾಳಿ ಅರ್ಜಿ ಹಾಕಿದಳು. ಕಾಯಿಲೆ ಅವಳ ಗಂಡನನ್ನೂ ತಿಂದಿತ್ತು, ಗಳಿಕೆಯನ್ನೂ ತಿಂದಿತ್ತು. ಉಳಿದದ್ದು ಪ್ರಿನ್ಸ್‌ಟನ್ನಿನ ಕೆಲಸ ಒಂದೇ. ಅಲ್ಲಿಗೆ ಹೋಗಲು ಕಾರು ಬೇಕೇ ಬೇಕು.

ಅರ್ಜಿಯ ಜೆರಾಕ್ಸನ್ನು ಫ್ರಿಜ್ಜಿಗೆ ಅಂಟಿಸಿ, "ಯಾರರ ಬಂದ್ರ ಇದನ್ನ ತೋರ್ಸವ್ವಾ, ಸ್ಟೇ ಐತಿ, ಸಾಲದವ್ರು ಏನೂ ಒಯ್ಯಾಂಗಿಲ್ಲ" ಅಂದಿದ್ದಳು.

ಮೂರನೆಯ ದಿನ ಅವಳು ಸ್ನಾನಕ್ಕೆ ಹೋಗಿದ್ದಾಗ ಕಾರು ಎಳೆಯುವ ಲಾರಿ ಬಂತು. ಕಾರಿಗೆ ಸಾಲ ಕೊಟ್ಟ ಕಂಪನಿಯವನು ಕೈ ಚಾಚಿ "ಕೀ" ಅಂದ. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಫ್ರಿಜ್ಜಿನ ಕಾಗದ ನೋಡಿದೆ. ಕನ್ನಡವನ್ನೇ ಅಕ್ಷರ ಕೂಡಿಸಿ ಓದುವವಳು ನಾನು. ಆದರೆ ಸ್ಟೇ ಕಂಡವಳು. ಹೊಲದ ಬದುವಿನ ವ್ಯಾಜ್ಯಕ್ಕೆ ಮಾವ ಧಾರವಾಡದಿಂದ ತಂದಿದ್ದ ಸ್ಟೇ ಮೇಲೆ ಕೋರ್ಟಿನ ಮೊಹರು, ನೀಲಿ ಶಿಕ್ಕಾ, ಒತ್ತಿದ್ದರು. ಇದರ ಮೇಲೆ ಏನೂ ಇಲ್ಲ. ಸುಳ್ಳು ಕಾಗದವೆಂದು ಮಗಳನ್ನೇ ಹಿಡಿದಾರು ಎಂದು ಸುಮ್ಮನೆ ಚಾವಿ ಕೊಟ್ಟೆ.

"ಯಾಕ ತೋರ್ಸಲಿಲ್ಲ?" ಮಗಳು ಕೂಗಾಡಿದಳು.

"ಶಿಕ್ಕಾ ಎಲ್ಲೈತಿ ಅದಕ್ಕ?"

"ಇಲ್ಲಿ ಶಿಕ್ಕಾ ಬ್ಯಾಡವ್ವಾ! ಫೈಲ್ ಮಾಡಿದ್ರ ಸಾಕು, ಸ್ಟೇ ಆಟೊಮ್ಯಾಟಿಕ್ ಬೀಳತೈತಿ."

"ತಾನ ಬೀಳಾಕ ಅದೇನು ಸ್ನೋ ಏನ?"

ಅವಳು ನಗಲಿಲ್ಲ. ವಕೀಲರು ಫೋನ್ ಮಾಡಿದ ಮೇಲೆ ಕಂಪನಿಯವರು ಒಯ್ದ ನಾಲ್ಕನೆಯ ದಿನ ಕಾರು ತಂದು ಬಿಟ್ಟರು. ಅಷ್ಟರಲ್ಲಿ ಕೆಲಸ ಹೋಗಿತ್ತು.

ಮಗಳು ಕಂಪನಿಯ ಮೇಲೆ ದೂರು ಹಾಕಿದಳು. ದಿವಾಳಿ ಕೋರ್ಟಿನಲ್ಲಿ ಕಂಪನಿಯ ವಕೀಲ ದುಭಾಷಿಯ ಮೂಲಕ ನನ್ನನ್ನು ಕೇಳಿದ: ಕಾಗದ ತೋರಿಸಿದಿರಾ? ಇಲ್ಲ ಅಂದೆ. ಸುಳ್ಳು ಯಾಕೆ ಹೇಳಲಿ? ಆದರೂ ಜಡ್ಜಮ್ಮ ಸ್ಟೇ ಮುರಿದದ್ದು ತಪ್ಪೆಂದು ದಂಡ ಹಾಕಿ, ಹೋದ ಸಂಬಳವನ್ನು ಕಂಪನಿಯೇ ಕೊಡಬೇಕೆಂದಳು. ಅವರು ಮೇಲಿನ ಕೋರ್ಟಿಗೆ ಹೋದರು. ಒಂದು ವರ್ಷ ತಾರೀಕು, ತಾರೀಕು. ಊರಿನ ಕೋರ್ಟಿಗೂ ಇದಕ್ಕೂ ಅದೊಂದರಲ್ಲಿ ಮಾತ್ರ ಫರಕಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ತೀರ್ಪು ಬಂತು. ಕಾರು ಒಯ್ಯುವಾಗ ಕಂಪನಿಗೆ ಅರ್ಜಿಯ ಸುದ್ದಿ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಕಾರು ಹಿಂದೆ ಕೊಟ್ಟಿದ್ದಾರೆ, ದಂಡ ರದ್ದು.

"ಅಂದ್ರ ನಾ ತೋರ್ಸಿದ್ರ ಗೆಲ್ತಿದ್ವಿ?"

"ಬಿಡವ್ವಾ," ಅಂದಳು ಮಗಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಆ ಜೆರಾಕ್ಸನ್ನು ಫ್ರಿಜ್ಜಿನಿಂದ ಕಿತ್ತು, ಅದರಲ್ಲೇ ರೊಟ್ಟಿ ಹಂಚು ಒರೆಸಿದೆ.