ಒಪ್ಪಿಕೊಂಡ ಮೇಲೆ ರೆಹಾನಾ

ಈ ಪರದೇಶದಲ್ಲಿ, ಬ್ಲಾಂಚರ್ಡ್ಸ್‌ಟೌನಿನ ನಮ್ಮ ಬೀದಿಯಲ್ಲಿ ರೆಹಾನಾಳಷ್ಟು ಹಟಮಾರಿ ಇನ್ನೊಬ್ಬಳಿಲ್ಲ. ಹುಬ್ಬಳ್ಳಿಯವಳು. ಕಾರಿನಲ್ಲಿ ಮನೆಮನೆಗೆ ಹೋಗಿ, ಹಾಸಿಗೆ ಹಿಡಿದ ಹಿರಿಯರಿಗೆ ಸ್ನಾನ ಮಾಡಿಸಿ ಊಟ ಕೊಡುವುದು ಅವಳ ಕೆಲಸ. ಬಸ್ಸೇ ಹೋಗದ ಕಡೆಗಳಲ್ಲೂ ಅವಳ ದಾರಿ ನೋಡುವವರಿದ್ದಾರೆ. ಆ ಕೆಲಸವೆಂದರೆ ಅವಳಿಗೆ ಪ್ರಾಣ.

ಹೋದ ವರ್ಷ ಅವಳ ಕಾರು ರಿಪೇರಿಗೆ ಹೋಗಿತ್ತು. ಮೈದುನ ಅಫ್ತಾಬನ ಕಾರು ತೆಗೆದುಕೊಂಡು ಹೊರಟಳು. ನಮ್ಮ ಊರುಗಳಲ್ಲಿ ಇನ್ಶೂರೆನ್ಸ್ ಇರುವುದು ಕಾರಿಗೆ, ಯಾರು ಓಡಿಸಿದರೂ ನಡೆಯುತ್ತದೆ. ಇಲ್ಲಿ ಅದರಲ್ಲಿ ಹೆಸರಿದ್ದವರೇ ಓಡಿಸಬೇಕು. ಪೊಲೀಸರು ಹಿಡಿದು ಕೇಸು ಹಾಕಿದರು. ಈ ಪುಣ್ಯಾತ್ಗಿತ್ತಿ ವಕೀಲರನ್ನೂ ಕೇಳದೆ ಕೋರ್ಟಿಗೆ ಹೋಗಿ, ಹುಬ್ಬಳ್ಳಿಯಲ್ಲಿ ದಂಡ ಕಟ್ಟಿ ಬರುವವರ ಹಾಗೆ ತಪ್ಪು ಒಪ್ಪಿಕೊಂಡು ಬಂದಳು. ದಂಡದ ಜೊತೆಗೆ ಎರಡು ವರ್ಷ ಕಾರು ಓಡಿಸುವಂತಿಲ್ಲ ಎಂದು ತೀರ್ಪಾಯಿತು. ಕೆಲಸಕ್ಕೇ ಕಲ್ಲು ಬಿತ್ತು.

"ಮೇಲಿನ ಕೋರ್ಟಿಗೆ ಅಪೀಲ್ ಹಾಕು" ಎಂದೆ.

"ಹೆಂಗ್ ಹಾಕ್ಲಿ ನಾಗಮಣಿ ಅಕ್ಕಾ? ತಪ್ಪು ಒಪ್ಕೊಂಡವರಿಗೆ ಅಪೀಲ್ ಎಲ್ಲೈತಿ? ಅಲ್ಲಿ ಅಮೆರಿಕಾದಾಗ ಒಪ್ಕೊಂಡವರ ಕಡೆ ಅಪೀಲ್ ಮಾಡೂದಿಲ್ಲ ಅಂತ ಮೊದಲ ಬರೆಸ್ಕೋತಾರಂತ."

"ನೀನು ಹಂಗೆ ಬರ್ದುಕೊಟ್ಟಿದ್ದೀಯಾ?"

"ಇಲ್ಲ. ಬಾಯಿಲೆ ಒಪ್ಕೊಂಡೀನಲ್ಲ, ಆತು."

ನನಗೆ ಮೈಯೆಲ್ಲ ಉರಿದುಹೋಯಿತು. ಯಾರೂ ಬಿಡು ಎನ್ನದ ಹಕ್ಕನ್ನು ತಾನಾಗಿಯೇ ಬಿಟ್ಟುಕೊಟ್ಟು ಕೂತಿದ್ದಾಳೆ. ಮರುದಿನವೇ ಅವಳ ಕೈ ಹಿಡಿದು ವಕೀಲೆಯೊಬ್ಬರ ಬಳಿ ಎಳೆದುಕೊಂಡು ಹೋದೆ. ಅವರು ಎಲ್ಲ ಕೇಳಿಸಿಕೊಂಡು, ತಪ್ಪು ಒಪ್ಪಿಕೊಂಡಿದ್ದರೂ ಶಿಕ್ಷೆ ಹೆಚ್ಚಾಯಿತೆಂದು ಮೇಲಿನ ಕೋರ್ಟಿಗೆ ಹೋಗಬಹುದು, ಆದರೆ ಗಡುವು ಇವತ್ತೇ ಮುಗಿಯುತ್ತದೆ ಎಂದರು. ಆಮೇಲಿನದು ಬರೀ ಓಟ. ಬಸ್ಸು ತಪ್ಪಿತು, ಟ್ಯಾಕ್ಸಿ ಹಿಡಿದೆವು, ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ಒಳಗೆ ನುಗ್ಗಿದೆವು. ಅರ್ಜಿ ತೆಗೆದುಕೊಂಡಾತ "ಗ್ರ್ಯಾಂಡ್" ಎಂದಾಗ, ಅಂದರೆ ಇಲ್ಲಿಯವರ ಮಾತಿನಲ್ಲಿ ಎಲ್ಲ ಸರಿಯಿದೆ ಎಂದಾಗ, ನಾನು ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ.

ವಿಚಾರಣೆಯ ದಿನ ಬಂತು. ವಕೀಲೆ ವಾದ ಮುಗಿಸಿದ ಮೇಲೆ, ಏನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶೆ ರೆಹಾನಾಳನ್ನೇ ಕೇಳಿದರು. ಅವಳು ಎದ್ದು ನಿಂತು ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ, ತಪ್ಪು ತನ್ನದೇ, ಆ ಮಾತನ್ನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ ಎಂದಳು. ಕೆಟ್ಟಿತು ಎಂದುಕೊಂಡೆ. ದಂಡ ಕಟ್ಟುತ್ತೇನೆ, ಆದರೆ ಮನೆಮನೆಯಲ್ಲಿ ನನಗಾಗಿ ಕಾಯುವ ಹಿರಿಯರು ಏನೂ ತಪ್ಪು ಮಾಡಿಲ್ಲ ಎಂದು ಹೇಳಿ ಕೂತಳು.

ನ್ಯಾಯಾಧೀಶೆ ದಂಡ ಉಳಿಸಿ, ಕಾರಿನ ನಿಷೇಧ ತೆಗೆದುಹಾಕಿದರು. ನಾನು ಕೋರ್ಟೆಂಬುದನ್ನೂ ಮರೆತು ಚಪ್ಪಾಳೆ ತಟ್ಟಿ ಬೈಸಿಕೊಂಡೆ. ಬೈದರೆ ಬೈಯಲಿ, ಅಷ್ಟು ಖುಷಿ ನನಗೆ.

ಹೊರಗೆ ಬಂದವಳು ನನ್ನ ಕಡೆ ನೋಡಲೂ ಇಲ್ಲ. ಮೆಟ್ಟಿಲ ಮೇಲೆ ನಿಂತು ತನ್ನ ಕೆಲಸದ ಆಫೀಸಿಗೆ ಫೋನ್ ಹಚ್ಚಿ, ನಾಳೆ ಬೆಳಗಿನ ಮೊದಲ ಮನೆ ತನಗೇ ಕೊಡಬೇಕೆಂದು ಕೇಳಿದಳು. ಆ ಕಡೆಯಿಂದ ಹೂಂ ಎಂದಿರಬೇಕು. ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದವಳು ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು.