ಗೆಜೀನಾಳ ಬಿಳಿ ಕಮಾಸಿಯಾ

ಆಸ್ಪತ್ರೆಯಿಂದ ಮನೆಗೆ ಬಂದ ಗೆಜೀನಾ ಕೋಟನ್ನೂ ಬಿಚ್ಚದೆ ಊರುಗೋಲು ಕುಟ್ಟುತ್ತಾ ಮುಂದಿನ ಕಿಟಕಿಗೆ ಹೋದಳು. ನೋಡಿದವಳೇ "ಅಯ್ಯೋ ಹಾಳಾಗ್ ಹೋಗ್ಲಿ!" ಎಂದು ಕೂಗಿದಳು. ಮುಂಬಾಗಿಲಿನ ಹಾದಿಯ ಎರಡೂ ಬದಿಯ ಹುಲ್ಲನ್ನು ಯಾರೋ ನುಣ್ಣಗೆ ಬೋಳಿಸಿದ್ದರು. ಅವಳ ಬಿಳಿ ಕಮಾಸಿಯಾ ಇದ್ದದ್ದು ಆ ಹುಲ್ಲಿನಲ್ಲೇ.

ಕಮಾಸಿಯಾ ಎಂದರೆ ಈರುಳ್ಳಿಯಂಥ ಗೆಡ್ಡೆ. ಟ್ಯುಲಿಪ್ ಉದುರಿ ಗುಲಾಬಿ ಇನ್ನೂ ಅರಳದ ಮೇ ಕೊನೆಯಲ್ಲಿ ಹೂ ಬಿಡುತ್ತದೆ. ನೀಲಿಯದು ಅಂಗಡಿಯಲ್ಲಿ ಸಿಗುತ್ತದೆ. ಈ ಹಟಮಾರಿಗೆ ಬಿಳಿಯದೇ ಆಗಬೇಕು, ಅದೂ ಬೀಜದಿಂದಲೇ. ಬಿತ್ತಿ ಐದು ವರ್ಷ ಕಾದಳು; ಹೂ ಬಿಡುವವರೆಗೆ ಅದು ನೋಡುವವರಿಗೆ ಬರೀ ಹುಲ್ಲೇ. ಗಂಡ ಬದುಕಿದ್ದಾಗ, "ಹುಲ್ಲಿಗೆ ನೀರು ಹಾಕೋಳು ಇಡೀ ಟ್ವೆಂಟೆ ಸೀಮೆಲಿ ನೀನೊಬ್ಳೇ ಕಣೇ" ಎಂದು ಕಿಚಾಯಿಸುತ್ತಿದ್ದ. ಈ ವರ್ಷ ಸೊಂಟದ ಆಪರೇಷನ್ನಿಗೆ ಹೊರಡುವಾಗ ಮೊದಲ ಸಲ ಮೊಗ್ಗಿನ ದಂಟು ಎದ್ದಿತ್ತು. ಹಸಿರೆಲೆ ಕತ್ತರಿಸಿದರೆ ಗೆಡ್ಡೆ ಸೊರಗುತ್ತದೆ, ಮತ್ತೆರಡು ವರ್ಷ ಹೂವಿನ ಮಾತಿಲ್ಲ. ಎಂಬತ್ತರ ಹತ್ತಿರದ ಹೆಂಗಸು ಇನ್ನೆಷ್ಟು ಕಾಯಬೇಕು?

ಯಾರೂ ತುಳಿಯದ ಜಾಗವೆಂದೇ ಅವಳು ಅಲ್ಲಿ ನೆಟ್ಟಿದ್ದು. ಆ ಊರಿನಲ್ಲಿ ದಿನದ ಓಡಾಟವೆಲ್ಲ ಹಿಂಬಾಗಿಲಿನಿಂದ. ಮುಂಬಾಗಿಲು ತೆರೆಯುವುದು ಮದುಮಗಳಿಗೆ, ಬಿಟ್ಟರೆ ಹೆಣಕ್ಕೆ.

ಇದು ಯಾರ ಕೆಲಸವೆಂದು ಕೇಳಬೇಕಾಗಿಯೇ ಇರಲಿಲ್ಲ. ಹೆರಿಗೆ, ಕಾಯಿಲೆ, ಸಾವು, ಏನೇ ಬರಲಿ, ಕರೆಯದೆ ಬಂದು ಕೈ ಹಾಕುವುದು ಅಲ್ಲಿ ನೆರೆಯವರ ಧರ್ಮ. ಗೆಜೀನಾಳ ಪಾಲಿನ ನೆರೆಯವನು ಬೇರೆಂಡ್. ಉಪಕಾರ ಮಾಡಿದವನನ್ನು ಬೈಯುವಂತಿಲ್ಲ. ಅದು ಸಾಲದೆಂಬಂತೆ ಕರೆದು ಕೂರಿಸಿ ದ್ರಾಕ್ಷಿ ಬ್ರೆಡ್ಡು ಬೇರೆ ಕೊಡಬೇಕು. ಕರ್ಮ!

ಬೇರೆಂಡ್ ಕಾಫಿಗೆ ಬಂದ. "ಸೊಂಟ ಹೆಂಗಿದೆ?"

"ಸೊಂಟ ಇರ್ಲಿ. ಹುಲ್ಲು ಕತ್ತರಿಸಿದ್ದು ಯಾರು?"

"ನಾನೇ. ಯಾಕೆ, ನೀಟಾಗಿಲ್ವಾ?"

"ನೀಟಾ? ನಿನಗೊಂದು ದೊಡ್ಡ ನಮಸ್ಕಾರ ಮಾರಾಯ! ಐದು ವರ್ಷದಿಂದ ಮಗು ಥರ ಸಾಕಿದ ಗಿಡ ಅದು! ಅಲ್ಲಿಗ್ಯಾಕೆ ಹೋದೆ? ಮೆರವಣಿಗೆ ಬರೋದಿತ್ತಾ?"

ಬೆಣ್ಣೆ ಸವರುತ್ತಿದ್ದ ಬೇರೆಂಡ್ ಕೈ ನಿಲ್ಲಿಸಿದ. "ಹಾದಿ ಇಕ್ಕಟ್ಟಲ್ವಾ ಗೆಜೀನಾ. ಆ ಕಡೆ ಮೂರು ಜನ, ಈ ಕಡೆ ಮೂರು ಜನ. ಉದ್ದ ಹುಲ್ಲು ಒದ್ದೆ ಆದ್ರೆ ಕಾಲು ಜಾರತ್ತೆ."

ಅವಳಿಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಕುರ್ಚಿಯ ಕೈ ಹಿಡಿದುಕೊಂಡಳು. ಶವಪೆಟ್ಟಿಗೆ ಹೊರುವುದೂ ನೆರೆಯವರೇ. ಅವಳ ಗಂಡನನ್ನು ಹೊತ್ತವರೂ ಇವರೇ.

"ಆಪರೇಷನ್ ಆದ್ಮೇಲೆ ಸ್ವಲ್ಪ ಜ್ವರ ಬಂದಿತ್ತು ಅಷ್ಟೇ ಅಂದ್ರಲ್ಲೋ ಆಸ್ಪತ್ರೇಲಿ ನಂಗೆ," ಎಂದಳು.

"ಸ್ವಲ್ಪ ಅಲ್ಲ. ಇನ್ನು ಕೈಲಾಗಲ್ಲ ಅಂತ ಡಾಕ್ಟ್ರು ಫೋನ್ ಮಾಡಿದ್ರು." ಅವನ ಕಣ್ಣು ತುಂಬಿತ್ತು. "ಮನೇಲಿ ಸುಮ್ನೆ ಕೂರೋಕಾಗ್ಲಿಲ್ಲ. ನಿನ್ನನ್ನ ಎಲ್ಲಾದ್ರೂ ಬೀಳಿಸಿಬಿಟ್ರೆ ಅಂತ ಭಯ ಆಯ್ತು. ಹುಲ್ಲು ಕೊಯ್ಯೋ ಕತ್ತಿ ತಗೊಂಡು ಬಂದೆ."

ಗೆಜೀನಾ ಅವನ ತಟ್ಟೆಗೆ ಇನ್ನೊಂದು ಹೋಳು ದ್ರಾಕ್ಷಿ ಬ್ರೆಡ್ಡು ಹಾಕಿದಳು. ಆದರೆ ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ.

"ನೋಡು ಬೇರೆಂಡ್, ಇನ್ನೊಂದ್ಸಲ ನಾನು ಸಾಯೋದು ಅಂತಾದ್ರೆ, ಹಿಂಬಾಗಿಲಿಂದ ಹೊತ್ಕೊಂಡ್ ಹೋಗು. ಆ ಹುಲ್ಲು ಮಾತ್ರ ಮುಟ್ಬೇಡ."

ಬೇರೆಂಡ್ ಹೌಹಾರಿದ. "ಹಿಂಬಾಗಿಲಿಂದಾನಾ? ಊರವರು ಏನಂದಾರು?"

"ಏನಾದ್ರೂ ಅಂದ್ಕೊಳ್ಲಿ. ಹೆಣ ನಂದು ತಾನೆ?"