ಆನೆ ಮೊಟ್ಟೆ ಇಟ್ಟ ಪುಸ್ತಕ

ಬೈಂಡರ್ ತಾತ ಜೀವಮಾನವಿಡೀ ಕಟ್ಟಿದ್ದು ಕಚೇರಿಗಳ ಖಾಲಿ ರಿಜಿಸ್ಟರುಗಳನ್ನು. ಖಾಲಿ ಹಾಳೆಗೆ ಹಿಂದೇನು, ಮುಂದೇನು? ಅಂಚು ಕೂಡುವಂತೆ ಮೇಜಿಗೆ ಕುಟ್ಟಿ, ದಬ್ಬಣದಿಂದ ತೂತು ಹೊಡೆದು, ದಾರ ಎಳೆದರೆ ಮುಗಿಯಿತು. ಅವರ ಹೊಲಿಗೆ ಬಿಚ್ಚಿದ್ದನ್ನು ಕಂಡವರಿಲ್ಲ. ಹಾಳೆಯ ಮುಖ ನೋಡುವ ಅಭ್ಯಾಸ ಮಾತ್ರ ಪುಣ್ಯಾತ್ಮರಿಗೆ ಇರಲಿಲ್ಲ.

ಇದ್ದದ್ದು ಒಂದೇ ಕೊರಗು. ಮೊಮ್ಮಗಳು ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾಳೆ. ಶಿಶುವಿಹಾರದ ಹೊಸ್ತಿಲು ದಾಟಿದರೆ ತುಟಿ ಪಿಟಕ್ಕೆನ್ನುವುದಿಲ್ಲ. "ಹೀಗೇ ಆದ್ರೆ ಮುಂದಿನ ಕ್ಲಾಸಿಗೆ ಹೇಗೆ ಕಳಿಸ್ಲಿ?" ಎಂದು ಟೀಚರಮ್ಮ ಕೇಳಿದಂದಿನಿಂದ ತಾತನಿಗೆ ಊಟವೇ ರುಚಿಸುತ್ತಿರಲಿಲ್ಲ. ಕಿತ್ತುಹೋದ ಎರಡು ಚಿತ್ರಕತೆಯ ಪುಸ್ತಕಗಳನ್ನು ಆಕೆ ತಂದಾಗ, ಮಗುವಿನ ಮೇಲೊಂದು ಕಣ್ಣಿಡಲಿ ಎಂಬ ಆಸೆಯಿಂದ ಬಿಟ್ಟಿಯಾಗಿಯೇ ಒಪ್ಪಿಕೊಂಡರು. ಒಂದರಲ್ಲಿ ಸ್ನಾನಕ್ಕೆ ಹೊರಟ ಆನೆ, ಇನ್ನೊಂದರಲ್ಲಿ ಕಾವಿಗೆ ಕೂತ ಕೋಳಿ. ಎರಡರ ಅಳತೆಯೂ ಒಂದೇ. ತಾತ ಹಾಳೆಗಳನ್ನೆಲ್ಲ ಒಟ್ಟಿಗೆ ಕುಟ್ಟಿದರು, ಎರಡು ಪಾಲು ಮಾಡಿದರು, ಹೊಲಿದರು.

ಮರುದಿನ ಟೀಚರಮ್ಮ ಎಂದಿನಂತೆ ಪುಸ್ತಕವನ್ನು ಮಕ್ಕಳ ಕಡೆ ತಿರುಗಿಸಿ ಹಿಡಿದು, ತಮಗೆ ಬಾಯಿಪಾಠವಾಗಿದ್ದ ಕತೆ ಶುರು ಮಾಡಿದರು. "ಆನೆ ಹೊಳೆಗಿಳೀತು. ಆಮೇಲೆ ಏನ್ಮಾಡ್ತು ನೋಡಿ!" ಎಂದು ಹಾಳೆ ತಿರುವಿದರು.

ಚಿತ್ರದಲ್ಲಿ ಗೂಡು, ಗೂಡಿನ ತುಂಬ ಮೊಟ್ಟೆ.

ಮಕ್ಕಳು ಕಣ್ಣು ಕಣ್ಣು ಬಿಟ್ಟರು. ಮೂಲೆಯಲ್ಲಿದ್ದ ಮೊಮ್ಮಗಳು ದಡಕ್ಕನೆ ಎದ್ದಳು. "ಮಿಸ್, ಆನೆ ಮೊಟ್ಟೆ ಇಡಲ್ಲ! ಅದು ಕೋಳೀದು! ನಮ್ ತಾತ ತಪ್ಪು ಕಟ್ಟಿದಾರೆ! ಮನೇಲೂ ಅಷ್ಟೆ, ನನ್ನ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕ್ತಾರೆ!" ಆನೆ ಕೂತರೆ ಗೂಡು ಉಳಿಯುತ್ತದೆಯೇ ಎಂಬ ಚರ್ಚೆ ಗಂಟೆ ಹೊಡೆದರೂ ನಿಲ್ಲಲಿಲ್ಲ. ಅದರಲ್ಲಿ ಮುಕ್ಕಾಲು ಪಾಲು ಮಾತು ಅವಳದೇ.

ಸಂಜೆ ಟೀಚರಮ್ಮ ಪುಸ್ತಕ ಹಿಡಿದು, ಮಗುವನ್ನೂ ಕರೆದುಕೊಂಡು ತಾತನ ಅಂಗಡಿಗೇ ಬಂದರು. ಪುಸ್ತಕ ಬಿಡಿಸಿ ನೋಡಿದ ತಾತನ ಮುಖ ಪೆಚ್ಚಾಯಿತು.

"ಮಾನ ಹೋಯ್ತು. ಕೊಡಿ ತಾಯಿ, ಬಿಚ್ಚಿ ಸರಿ ಮಾಡ್ತೀನಿ," ಎಂದು ಚಾಕು ಎತ್ತಿಕೊಂಡರು.

"ಮುಟ್ಬೇಡಿ ತಾತ! ಇವತ್ತು ನಿಮ್ಮ ಮೊಮ್ಮಗಳು ಕ್ಲಾಸಲ್ಲಿ ಮಾತಾಡಿದ್ಲು."

ತಾತನ ಕೈ ಅಲ್ಲೇ ನಿಂತಿತು. "ಏನಂದ್ಲು?"

"ನಿಮ್ಮನ್ನೇ ಬೈದ್ಲು."

"ಎಲ್ಲರ ಮುಂದೇನಾ?"

"ಪಕ್ಕದ ಕ್ಲಾಸಿಗೂ ಕೇಳಿಸ್ತು."

ತಾತನ ಕಣ್ಣು ತುಂಬಿ ಬಂತು. ಅಷ್ಟು ಸಂತೋಷ ಅವರಿಗೆ ಯಾರ ಹೊಗಳಿಕೆಯಿಂದಲೂ ಆಗಿರಲಿಲ್ಲ. ಚಾಕುವನ್ನು ಡ್ರಾಯರಿಗೆ ಹಾಕಿ, ಮೂಗೊರೆಸಿಕೊಂಡರು.

"ಬೇರೆ ಪುಸ್ತಕ ಇದ್ರೂ ತನ್ನಿ ತಾಯಿ," ಎಂದರು. "ಕೆಡಿಸ್ಕೊಡ್ತೀನಿ."